ಲಾಭ ತೆಗೆಯಬೇಕಾದರೆ ಮೊದಲು ತೆರಿಗೆ ಕಟ್ಟಿ ಎನ್ನುವ ಕ್ರಿಪ್ಟೋ ಆಪ್: ಇದು ನಿಜವಿರಬಹುದೇ?

ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರ

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಸಹಕಾರಿ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು ನಾನು. ಠೇವಣಿ, ಸಾಲ, ಜಾಮೀನು ಇವೆಲ್ಲ ಗೊತ್ತು. ಈ ಕ್ರಿಪ್ಟೋ ವ್ಯವಹಾರ ಮಾತ್ರ ನನಗೆ ತಲೆಬುಡ ತಿಳಿಯದು. ಆದುದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ.

ಕಳೆದ ವಾರ ನನ್ನ ಭಾವಮೈದುನ ತನ್ನ ಮೊಬೈಲಿನಲ್ಲಿ ಒಂದು ಆಪ್ ತೆರೆದು ತೋರಿಸಿದ. ಅದರಲ್ಲಿ ಅವನ ಹೆಸರಿನಲ್ಲಿ ಹತ್ತೊಂಬತ್ತು ಲಕ್ಷ ರೂಪಾಯಿ ಬೆಲೆಯ ಯುಎಸ್‌ಡಿಟಿ, ಅಂದರೆ ಡಾಲರಿನ ಬೆಲೆಗೆ ಕಟ್ಟಿದ ಕ್ರಿಪ್ಟೋ ನಾಣ್ಯ, ಇದೆ. ಅವನು ಐದು ತಿಂಗಳಲ್ಲಿ ಹಾಕಿದ್ದು ಆರೂವರೆ ಲಕ್ಷ, ಅದೂ ಊರಿನ ತೋಟದ ಮೇಲಿನ ಸಾಲ ತೀರಿಸಲೆಂದು ಕೂಡಿಟ್ಟ ಹಣ. ಈಗ ಹಿಂದಕ್ಕೆ ತೆಗೆಯಲು ಹೊರಟರೆ, ಹನ್ನೆರಡೂವರೆ ಲಕ್ಷದ ಲಾಭಕ್ಕೆ ಶೇ. 30ರಂತೆ ಮೂರು ಮುಕ್ಕಾಲು ಲಕ್ಷ ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು, ಕಟ್ಟಿದ 24 ಗಂಟೆಗಳಲ್ಲಿ ಪೂರ್ತಿ ಹಣ ಖಾತೆಗೆ ಬರುತ್ತದೆ ಎಂದು ಆಪಿನ ‘ಗ್ರಾಹಕ ಸೇವೆ’ಯವರು ಬರೆದಿದ್ದಾರೆ. ಆ ಮೊತ್ತವನ್ನು ನನ್ನಿಂದ ಕೈಗಡ ಕೇಳಲು ಅವನು ಬಂದದ್ದು.

ನನ್ನನ್ನು ಗೊಂದಲಕ್ಕೆ ಕೆಡವಿದ ಸಂಗತಿಯೆಂದರೆ, ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ ಇರುವುದು ನಿಜ. ಪತ್ರಿಕೆಯಲ್ಲಿ ನಾನೇ ಓದಿದ್ದೇನೆ. ಇವನನ್ನು ಆ ಆಪಿನ ವಾಟ್ಸ್ಆಪ್ ಗುಂಪಿಗೆ ಸೇರಿಸಿದವರೂ ಅಪರಿಚಿತರಲ್ಲ, ಠಾಣೆ ನಗರದ ನಮ್ಮ ಭಜನಾ ಮಂಡಳಿಯವರೊಬ್ಬರು, ಹಲವು ವರ್ಷ ಒಂದು ರೂಪಾಯಿ ಹೆಚ್ಚುಕಮ್ಮಿಯಾಗದಂತೆ ಚೀಟಿ ನಡೆಸಿದವರು. ಹಣ ಕೊಡಲೇ, ಬೇಡವೇ?

ಹಿಂಜವಡಿಯ ಸಾಫ್ಟ್‌ವೇರ್ ಉದ್ಯೋಗಿ

ರಾಯರೇ, ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ವಿವರಿಸುತ್ತೇನೆ. ಅದಕ್ಕೂ ಮೊದಲು ಕೆಲವು ವಿವರ ಬೇಕು. ಆಪ್ ಪ್ಲೇ ಸ್ಟೋರಿನಿಂದ ಬಂದದ್ದೇ, ಅಥವಾ ವಾಟ್ಸ್ಆಪ್ ಗುಂಪಿನಲ್ಲಿ ಕಳುಹಿಸಿದ ಕೊಂಡಿಯಿಂದ ಹಾಕಿಕೊಂಡದ್ದೇ? ಹಣವನ್ನು ಯಾವ ಖಾತೆಗೆ ಕಳುಹಿಸಿದರು? ಕೊನೆಯ ಬಾರಿ ಕಳುಹಿಸಿದ್ದು ಯಾವಾಗ?

ಮೂರನೆಯ ಪ್ರಶ್ನೆಗೆ ಉತ್ತರ ‘ಇತ್ತೀಚೆಗೆ’ ಎಂದಾದರೆ ಈ ಚರ್ಚೆ ಓದುವುದನ್ನು ಬಿಟ್ಟು ಈಗಲೇ 1930ಕ್ಕೆ ಕರೆ ಮಾಡಿಸಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಇನ್ನೂ ಓಡುತ್ತಿರುವಾಗಲೇ ದೂರು ದಾಖಲಾದರೆ ಮುಂದಿನ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರ

ಕೊಂಡಿಯಿಂದಲೇ ಹಾಕಿಕೊಂಡದ್ದು. ಹಣ ಹೋದದ್ದು ಪ್ರತಿ ಸಲವೂ ಬೇರೆ ಬೇರೆ ಚಾಲ್ತಿ ಖಾತೆಗಳಿಗೆ. ಒಂದು ಬಟ್ಟೆ ವ್ಯಾಪಾರಿಯ ಹೆಸರಿನದು, ಇನ್ನೊಂದು ಹಾರ್ಡ್‌ವೇರ್ ಅಂಗಡಿಯದು, ಎಲ್ಲವೂ ಹೊರರಾಜ್ಯದವು. ಬ್ಯಾಂಕಿನವನಾದ ನನಗೆ ಆ ಪಟ್ಟಿಯನ್ನು ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಕೊನೆಯ ಕಂತು ಕಳುಹಿಸಿ ಎಂಟು ದಿನಗಳಾಗಿವೆ.

ಆದರೆ ಭಾವಮೈದುನ ಒಪ್ಪುತ್ತಿಲ್ಲ. ಮೊದಲ ತಿಂಗಳಲ್ಲಿ ಹನ್ನೆರಡು ಸಾವಿರ ತೆಗೆದಿದ್ದೆ, ಹತ್ತು ನಿಮಿಷಗಳಲ್ಲಿ ಬಂದಿತ್ತು, ಮೋಸವಾಗಿದ್ದರೆ ಅದು ಹೇಗೆ ಬರುತ್ತಿತ್ತು ಎಂಬುದು ಅವನ ವಾದ.

ಹಿಂಜವಡಿಯ ಸಾಫ್ಟ್‌ವೇರ್ ಉದ್ಯೋಗಿ

ಆ ಹನ್ನೆರಡು ಸಾವಿರವೇ ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಅದು ಬಂದದ್ದರಿಂದಲೇ ಉಳಿದ ಆರು ಲಕ್ಷ ಹೋಯಿತು. ಮೊದಲ ಬಾರಿ ಹಣ ವಾಪಸು ಬರುವುದು ಈ ವಂಚನೆಯ ವೆಚ್ಚದ ಭಾಗ, ಅಂಗಡಿಯವನು ರುಚಿ ನೋಡಲು ಕೊಡುವ ಹಲ್ವದಂತೆ.

ಇನ್ನು ಪರದೆಯ ಮೇಲಿನ ಹತ್ತೊಂಬತ್ತು ಲಕ್ಷದ ವಿಷಯ. ನಿಮ್ಮ ಭಾವಮೈದುನ ಕಳುಹಿಸಿದ್ದು ರೂಪಾಯಿ, ಹೋದದ್ದು ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆಗಳಿಗೆ. ಆ ಹಣದಿಂದ ಅವರ ಹೆಸರಿನಲ್ಲಿ ಯಾರೂ ಯುಎಸ್‌ಡಿಟಿ ಕೊಂಡಿಲ್ಲ. ಆಪ್ ತೋರಿಸುವುದು ವಂಚಕರ ಸರ್ವರಿನಲ್ಲಿ ಯಾರೋ ಬೆರಳಚ್ಚಿಸಿದ ಒಂದು ಸಂಖ್ಯೆಯನ್ನು ಮಾತ್ರ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ನಿಜವಾದ ಯುಎಸ್‌ಡಿಟಿ ಒಂದು ವಿಳಾಸದಿಂದ ಇನ್ನೊಂದಕ್ಕೆ ಹೋದರೆ ಅದರ ದಾಖಲೆ ಬ್ಲಾಕ್‌ಚೈನ್ ಎಂಬ, ಎಲ್ಲರೂ ನೋಡಬಹುದಾದ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದಲ್ಲಾದರೆ ವಿಳಾಸ ‘ಟಿ’ ಅಕ್ಷರದಿಂದ ಆರಂಭವಾಗುತ್ತದೆ, ಪ್ರತಿ ವರ್ಗಾವಣೆಗೂ 64 ಅಕ್ಷರಗಳ ಗುರುತು ಇರುತ್ತದೆ, ಅದನ್ನು ಟ್ರಾನ್‌ಸ್ಕ್ಯಾನ್ ಎಂಬ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ‘ನನ್ನ ಖರೀದಿಯ ವ್ಯವಹಾರ ಗುರುತನ್ನು ಕೊಡಿ’ ಎಂದು ಗ್ರಾಹಕ ಸೇವೆಯವರನ್ನು ಕೇಳಿಸಿ ನೋಡಿ. ನನ್ನ ಊಹೆ, ಅವರು ವಿಷಯ ಬದಲಿಸುತ್ತಾರೆ.

ಪುಣೆಯಲ್ಲಿರುವ ನಮಗೆ ಈ ಮಾತು ಹೊಸದಲ್ಲ. ಅಮಿತ್ ಭಾರದ್ವಾಜ್ ಎಂಬಾತ ನಡೆಸಿದ ಗೇನ್‌ಬಿಟ್‌ಕಾಯಿನ್ ಯೋಜನೆಯಲ್ಲಿ ಬಿಟ್‌ಕಾಯಿನ್ ಕೊಟ್ಟವರಿಗೆ ತಿಂಗಳಿಗೆ ಶೇ. 10ರಂತೆ 18 ತಿಂಗಳು ಮರಳಿಸುವ ಭರವಸೆ ಇತ್ತು. ಕೊಡಲಾಗದ ಹೊತ್ತು ಬಂದಾಗ ಬಿಟ್‌ಕಾಯಿನ್ ಬದಲಿಗೆ ಎಂಕ್ಯಾಪ್ ಎಂಬ ಸ್ವಂತ ಟೋಕನ್ ಕೈಗಿತ್ತರು. ಪುಣೆ ಪೊಲೀಸರು 2018ರಲ್ಲಿ ಆತನನ್ನು ಬಂಧಿಸಿದರು. 2022ರ ಜನವರಿಯಲ್ಲಿ ಆತ ತೀರಿಕೊಂಡ. ಕಥೆ ಅಲ್ಲಿಗೂ ಮುಗಿಯಲಿಲ್ಲ. ತನಿಖೆಗೆ ತಾಂತ್ರಿಕ ನೆರವು ನೀಡಲೆಂದು ಪೊಲೀಸರೇ ಕರೆಸಿಕೊಂಡಿದ್ದ ಇಬ್ಬರು ತಜ್ಞರನ್ನು, ಆರೋಪಿಗಳ ವಾಲೆಟ್ಟುಗಳಿಂದ, ಅಂದರೆ ಕ್ರಿಪ್ಟೋ ಇಡುವ ಡಿಜಿಟಲ್ ಕೈಚೀಲಗಳಿಂದ, ಕ್ರಿಪ್ಟೋ ಸಾಗಿಸಿದ ಆರೋಪದ ಮೇಲೆ, ಅದೇ ಪುಣೆ ಪೊಲೀಸರು 2022ರ ಮಾರ್ಚ್‌ನಲ್ಲಿ ಬಂಧಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದ ಆರೋಪ.

ವಾಶಿಯ ಹೋಟೆಲ್ ಮಾಲೀಕ

ರಾಯರು ಚೀಟಿಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ, ಇಲ್ಲವಾದರೆ ಸುಮ್ಮನಿರುತ್ತಿದ್ದೆ.

ನಾವು ಹೋಟೆಲಿನವರು ಈ ಊರಿನಲ್ಲಿ ನಿಂತದ್ದೇ ಚೀಟಿಯ ಮೇಲೆ. ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಗಲ್ಲಾಪೆಟ್ಟಿಗೆಯಿಂದ ದಿನಕ್ಕೆ ಇಷ್ಟೆಂದು ತೆಗೆದಿಟ್ಟು, ಚೀಟಿ ಎತ್ತಿ, ಎರಡನೆಯ ಹೋಟೆಲ್ ಮಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿ ನಂಬಿಕೆಗೆ ಆಧಾರವಿತ್ತು. ಚೀಟಿ ನಡೆಸುವವನ ಹೋಟೆಲ್ ಎಲ್ಲಿದೆ, ಊರಿನಲ್ಲಿ ಮನೆ ಯಾವುದು, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾನೆ ಎಂಬುದೆಲ್ಲ ನಮಗೆ ಗೊತ್ತಿರುತ್ತಿತ್ತು. ಅವನು ಓಡಿದರೆ ಎಲ್ಲಿಗೆ ಓಡಬಹುದೆಂಬುದೂ ಗೊತ್ತಿತ್ತು. ಕ್ರಿಪ್ಟೋ ಗುಂಪಿನಲ್ಲಿ ನಮಗೆ ಕಾಣುವ ಮುಖ ಅದೇ ಪರಿಚಿತ ಮುಖ, ಆದರೆ ಹಣ ಇಟ್ಟುಕೊಳ್ಳುವವನು ಅವನಲ್ಲ. ಅವನಿಗೂ ಮೇಲಿನವನು ಯಾರೆಂದು ಗೊತ್ತಿರುವುದಿಲ್ಲ. ನಮ್ಮ ನಂಬಿಕೆ ಇವನಿಗೆ, ನಮ್ಮ ದುಡ್ಡು ಇನ್ಯಾರಿಗೋ.

ನಾನೇ ಕಂಡದ್ದನ್ನು ಹೇಳುತ್ತೇನೆ. 2017ರ ಏಪ್ರಿಲ್‌ನಲ್ಲಿ ನವಿ ಮುಂಬೈಯಲ್ಲಿ ವನ್‌ಕಾಯಿನ್ ಎಂಬ ಕ್ರಿಪ್ಟೋ ಯೋಜನೆಯ ಪ್ರಚಾರ ಸಭೆಯ ಮೇಲೆ ಪೊಲೀಸರು ದಾಳಿ ಮಾಡಿ 18 ಮಂದಿಯನ್ನು ಬಂಧಿಸಿದ ಸುದ್ದಿ ಬಂದಾಗ ನಮ್ಮ ಹೋಟೆಲಿನ ಬೆಳಗಿನ ಗಿರಾಕಿಗಳಲ್ಲಿ ಒಬ್ಬರು ಚಹಾ ಲೋಟವನ್ನು ಹಾಗೇ ಬಿಟ್ಟು ಎದ್ದು ಹೋದರು. ಅವರು ತಮ್ಮ ಇಬ್ಬರು ಅಳಿಯಂದಿರನ್ನೂ ಅದಕ್ಕೆ ಸೇರಿಸಿದ್ದರೆಂದು ಆಮೇಲೆ ತಿಳಿಯಿತು. ಅದನ್ನು ಕಟ್ಟಿದ ರುಜಾ ಇಗ್ನಾಟೋವಾ ಎಂಬ ಹೆಂಗಸು ಅದೇ ವರ್ಷ ಅಕ್ಟೋಬರಿನಲ್ಲಿ ಕಾಣೆಯಾದಳು. ಆಮೇಲೆ ಅಮೆರಿಕದ ಎಫ್‌ಬಿಐ ಅವಳನ್ನು ತಾನು ಹುಡುಕುತ್ತಿರುವ ಹತ್ತು ಪ್ರಮುಖ ಆರೋಪಿಗಳ ಪಟ್ಟಿಗೆ ಸೇರಿಸಿತು. ಆ ನಾಣ್ಯಕ್ಕೆ ಬ್ಲಾಕ್‌ಚೈನೇ ಇರಲಿಲ್ಲವಂತೆ. ಬೆಲೆಯನ್ನು ಕಂಪನಿಯೇ ಬರೆದು ಹಾಕುತ್ತಿತ್ತು. ನಮ್ಮ ಆ ಗಿರಾಕಿಯ ಮನೆಗೆ ಅಳಿಯಂದಿರು ದೀಪಾವಳಿಗೂ ಬರುವುದಿಲ್ಲ.

ಕೊಥ್ರೂಡ್‌ನ ಹೂಡಿಕೆದಾರ

ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದೀರಿ ಎಂಬ ಆಕ್ಷೇಪ ನನ್ನದು. 2020ರಿಂದ ನಾನು ಸ್ವಲ್ಪ ಬಿಟ್‌ಕಾಯಿನ್ ಇಟ್ಟುಕೊಂಡಿದ್ದೇನೆ, ನನಗೆ ಯಾರೂ ಮೋಸ ಮಾಡಿಲ್ಲ. 2009ರ ಜನವರಿಯಿಂದ ನಡೆಯುತ್ತಿರುವ, ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟದಂತೆ ನಿಯಮ ಮಾಡಿಕೊಂಡಿರುವ ಒಂದು ವ್ಯವಸ್ಥೆಯನ್ನು ಯಾರೋ ಕಳುಹಿಸಿದ ನಕಲಿ ಆಪಿನ ಜೊತೆ ತೂಗುವುದು ನ್ಯಾಯವಲ್ಲ. ಇದು ಕಾನೂನುಬಾಹಿರವೂ ಅಲ್ಲ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ನಿರ್ಬಂಧದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಗೊಳಿಸಿತು. ನಾನು ಧೈರ್ಯ ಮಾಡಿದ್ದು ಆನಂತರವೇ.

ಹಿಂಜವಡಿಯ ಸಾಫ್ಟ್‌ವೇರ್ ಉದ್ಯೋಗಿ

ನಿಮ್ಮ ಆಕ್ಷೇಪ ಸರಿಯಾಗಿದೆ, ಇವೆರಡನ್ನೂ ಬೇರ್ಪಡಿಸಲೇಬೇಕು. ಆದರೆ ಮೋಸವಿಲ್ಲದ ಕಡೆ ಅಪಾಯವೂ ಇಲ್ಲ ಎಂಬ ಅರ್ಥ ಬರಬಾರದು. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್, ಒಂದು ವರ್ಷದಲ್ಲಿ 16,000ಕ್ಕೂ ಕೆಳಗೆ ಇಳಿಯಿತು. ಅಲ್ಲಿಂದ ಕೊಂಡ ಬೆಲೆಗೆ ಮರಳಬೇಕಾದರೆ ನಾಲ್ಕು ಪಟ್ಟಿಗಿಂತ ಹೆಚ್ಚು ಏರಬೇಕು. ಅದು ಆಮೇಲೆ ಏರಿದ್ದೂ ಹೌದು. ಆದರೆ ಆ ನಡುವೆ ಮಗಳ ಮದುವೆ ಬಂದವನಿಗೆ, ಆಸ್ಪತ್ರೆಯ ಬಿಲ್ಲು ಬಂದವನಿಗೆ ಆ ಏರಿಕೆಯಿಂದ ಏನು ಪ್ರಯೋಜನ? ಅದೇ 2022ರ ಮೇ ತಿಂಗಳಲ್ಲಿ, ಒಂದು ಡಾಲರಿಗೆ ಒಂದು ಎಂದು ಸ್ಥಿರವಾಗಿರುತ್ತದೆಂದು ಹೇಳಿಕೊಂಡಿದ್ದ ಟೆರಾಯುಎಸ್‌ಡಿ ಎಂಬ ನಾಣ್ಯ ಮತ್ತು ಅದರ ಜೊತೆಗಾರ ಲೂನಾ ಕೆಲವೇ ದಿನಗಳಲ್ಲಿ ನೆಲಕಚ್ಚಿದವು. ಅದನ್ನು ಠೇವಣಿ ಇಟ್ಟವರಿಗೆ ವರ್ಷಕ್ಕೆ ಶೇ. 20ರ ಹತ್ತಿರ ಬಡ್ಡಿ ಕೊಡಲಾಗುತ್ತಿತ್ತು. ಬ್ಯಾಂಕು ಶೇ. 6 ಕೊಡುವ ಕಾಲದಲ್ಲಿ ಆ ಶೇ. 20 ಎಲ್ಲಿಂದ ಬರುತ್ತದೆಂದು ಕೇಳಿದವರು ಕಡಿಮೆ.

ನಿಮ್ಮ ಬಿಟ್‌ಕಾಯಿನ್ ಎಲ್ಲಿದೆ ಎಂದು ಕೇಳಬಹುದೇ, ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜಿನಲ್ಲೋ, ನಿಮ್ಮ ಸ್ವಂತ ವಾಲೆಟ್ಟಿನಲ್ಲೋ?

ಕೊಥ್ರೂಡ್‌ನ ಹೂಡಿಕೆದಾರ

ಮೊದಲು ಎಕ್ಸ್‌ಚೇಂಜಿನಲ್ಲೇ ಇತ್ತು. 2024ರ ಜುಲೈ 18ರ ನಂತರ ತೆಗೆದು ಸ್ವಂತ ಹಾರ್ಡ್‌ವೇರ್ ವಾಲೆಟ್ಟಿನಲ್ಲಿ, ಅಂದರೆ ನನ್ನ ಕೈಯಲ್ಲೇ ಇರುವ ಒಂದು ಪುಟ್ಟ ಸಾಧನದಲ್ಲಿ, ಇಟ್ಟೆ. ಆ ದಿನ ಮುಂಬೈ ಮೂಲದ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನ ವಾಲೆಟ್ಟಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳವಾಯಿತು. ಒಂದಕ್ಕಿಂತ ಹೆಚ್ಚು ಸಹಿಗಳಿಲ್ಲದೆ ತೆರೆಯಲಾಗದ ವಾಲೆಟ್ ಅದು, ಆದರೂ ಹೋಯಿತು. ಉತ್ತರ ಕೊರಿಯಾದ ಹ್ಯಾಕರುಗಳ ಕೈವಾಡವೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರ್ಕಾರಗಳು ಜಂಟಿಯಾಗಿ ಹೇಳಿದವು. ಗ್ರಾಹಕರ ಹಣ ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡಿತು. ನನ್ನದು ಅಲ್ಲಿರಲಿಲ್ಲ, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಸ್ವಂತ ವಾಲೆಟ್ಟಿಗೆ ಬಂದ ಮೇಲೆ ಬೇರೆ ಚಿಂತೆ. ಅದರ ಬೀಗದ ಕೈ ಎಂದರೆ 24 ಇಂಗ್ಲಿಷ್ ಪದಗಳು. ಅವು ಕಳೆದರೆ ಹಣ ಹೋಯಿತು. ಇನ್ನೊಬ್ಬನ ಕೈಗೆ ಸಿಕ್ಕರೂ ಹೋಯಿತು. ಅರ್ಜಿ ಕೊಟ್ಟು ಹೊಸ ಪಾಸ್‌ಬುಕ್ ಪಡೆಯುವ ಹಾಗಿಲ್ಲ. ನನ್ನ ಹೆಂಡತಿಗೆ ಆ ಕಾಗದ ಎಲ್ಲಿದೆಯೆಂದು ತಿಳಿಸಿ ಇನ್ನೂ ಒಂದು ತಿಂಗಳಾಗಿಲ್ಲ. ಅದಕ್ಕೂ ಮುಂಚೆ ನನಗೇನಾದರೂ ಆಗಿದ್ದರೆ ಎಂದು ಈಗ ಅನ್ನಿಸುತ್ತದೆ.

ಮುಲುಂಡ್‌ನ ಲೆಕ್ಕಪರಿಶೋಧಕಿ

ಮೂಲ ಪ್ರಶ್ನೆಯಾದ ತೆರಿಗೆಯ ಬಗ್ಗೆ ಯಾರೂ ಸ್ಪಷ್ಟವಾಗಿ ಬರೆಯದ ಕಾರಣ ನಾನು ಬರೆಯುತ್ತೇನೆ.

ಶೇ. 30 ತೆರಿಗೆ ನಿಜ. 2022ರ ಬಜೆಟ್ಟಿನಲ್ಲಿ ಬಂದು ಅದೇ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಮೇಲೆ ಶೇ. 4 ಸೆಸ್ ಬೇರೆ. ಆದರೆ ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ತನ್ನ ಪ್ಯಾನ್ ಸಂಖ್ಯೆಯ ಮೇಲೆ, ಚಲನ್ ಮೂಲಕ, ತಾನೇ. ಯಾವ ಆಪಿಗೂ, ಯಾವ ವಾಲೆಟ್ ವಿಳಾಸಕ್ಕೂ, ಯಾವ ಬಟ್ಟೆ ವ್ಯಾಪಾರಿಯ ಚಾಲ್ತಿ ಖಾತೆಗೂ ಅಲ್ಲ. ಎಕ್ಸ್‌ಚೇಂಜುಗಳು ಹಿಡಿದುಕೊಳ್ಳುವುದು 2022ರ ಜುಲೈ 1ರಿಂದ ಜಾರಿಯಲ್ಲಿರುವ ಶೇ. 1 ಟಿಡಿಎಸ್ ಮಾತ್ರ. ಅದನ್ನೂ ಮಾರಾಟದ ಮೊತ್ತದಿಂದಲೇ ಕಳೆದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಅದು ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಕಡಿತದ ಪಟ್ಟಿಯಲ್ಲಿ ಕಾಣಿಸುತ್ತದೆ. ಹತ್ತೊಂಬತ್ತು ಲಕ್ಷ ನಿಜವಾಗಿಯೂ ಅವರ ಬಳಿ ಇದ್ದರೆ ಅದರಿಂದಲೇ ಕಳೆದುಕೊಳ್ಳಬಹುದಲ್ಲ, ಹೊರಗಿನಿಂದ ಹೊಸ ಹಣ ಏಕೆ ತರಬೇಕು? ಈ ಒಂದು ಪ್ರಶ್ನೆಗೆ ಆ ಗ್ರಾಹಕ ಸೇವೆಯವರಲ್ಲಿ ಉತ್ತರವಿರುವುದಿಲ್ಲ.

ನಿಜವಾದ ವ್ಯವಹಾರ ಮಾಡುವವರೂ ತಿಳಿದಿರಬೇಕಾದ ಇನ್ನೊಂದು ಪೆಟ್ಟು ಇದೆ. ಒಂದು ನಾಣ್ಯದಲ್ಲಿ ಒಂದು ಲಕ್ಷ ಲಾಭ, ಇನ್ನೊಂದರಲ್ಲಿ ಒಂದು ಲಕ್ಷ ನಷ್ಟವಾದರೆ ಕೈಯಲ್ಲಿ ಏನೂ ಉಳಿಯಲಿಲ್ಲವಷ್ಟೆ? ಆದರೂ 31,200 ರೂಪಾಯಿ ತೆರಿಗೆ ಕಟ್ಟಬೇಕು. ಕ್ರಿಪ್ಟೋ ನಷ್ಟವನ್ನು ಇನ್ನೊಂದು ಕ್ರಿಪ್ಟೋ ಲಾಭಕ್ಕೂ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ನನ್ನ ಕಚೇರಿಗೆ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಇದು ರಿಟರ್ನ್ ಸಲ್ಲಿಸುವ ದಿನವೇ ತಿಳಿಯುವುದು.

ಮತ್ತೊಂದು ಭ್ರಮೆಯನ್ನೂ ಹೋಗಲಾಡಿಸುತ್ತೇನೆ. ‘ನಮ್ಮದು ಎಫ್‌ಐಯುನಲ್ಲಿ, ಅಂದರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ, ನೋಂದಾಯಿತ ಸಂಸ್ಥೆ’ ಎಂದು ಎಕ್ಸ್‌ಚೇಂಜುಗಳು ಹೇಳಿಕೊಳ್ಳುತ್ತವೆ. 2023ರ ಮಾರ್ಚ್‌ನಲ್ಲಿ ಇವುಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದದ್ದರಿಂದ ಆ ನೋಂದಣಿ ಕಡ್ಡಾಯ. ನೋಂದಣಿಯೇ ಇಲ್ಲದ ಕಡೆಗೆ ಹೋಗಲೇಬೇಡಿ. ಆದರೆ ನೋಂದಣಿ ಇದ್ದ ಮಾತ್ರಕ್ಕೆ ನಿಮ್ಮ ಹಣಕ್ಕೆ ಖಾತರಿ ಬಂತೆಂದು ತಿಳಿಯಬೇಡಿ. ಬ್ಯಾಂಕು ಮುಳುಗಿದರೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಪಿಎಂಸಿ ಬ್ಯಾಂಕಿನ ಮುಂದೆ 2019ರಲ್ಲಿ ಸಾಲು ನಿಂತವರಿಗೆ ಅದರ ಬೆಲೆ ಗೊತ್ತು. ಕ್ರಿಪ್ಟೋಗೆ ಅಷ್ಟೂ ಇಲ್ಲ.

ವಾಸ್ಕೋದ ಶಿಕ್ಷಕಿ

ಅಕ್ಕನವರು ಬರೆದದ್ದನ್ನು ಓದಿದ ಮೇಲೆ ನಮ್ಮ ಮನೆಯ ಸಂಗತಿಯನ್ನೂ ಹೇಳಬೇಕೆನ್ನಿಸಿತು. ನನ್ನ ಮಗ ವಂಚನೆಗೆ ಒಳಗಾಗಲಿಲ್ಲ, ಆದರೂ ಅವನ ಸಂಬಳದ ಖಾತೆ ಏಳು ವಾರ ಸ್ತಂಭಿತವಾಗಿತ್ತು. ಅವನು ತನ್ನಲ್ಲಿದ್ದ ಯುಎಸ್‌ಡಿಟಿಯನ್ನು ಪಿಟುಪಿ ರೀತಿಯಲ್ಲಿ, ಅಂದರೆ ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರಿ, ಮೂವತ್ತೆಂಟು ಸಾವಿರ ರೂಪಾಯಿ ಪಡೆದಿದ್ದ. ಕೊಂಡವನು ಕೊಟ್ಟ ಹಣ ಬೇರೊಂದು ರಾಜ್ಯದಲ್ಲಿ ಯಾರನ್ನೋ ವಂಚಿಸಿ ಪಡೆದದ್ದು. ಆ ಊರಿನ ಪೊಲೀಸರು ಹಣದ ಜಾಡು ಹಿಡಿದು ಬಂದು ಖಾತೆಯನ್ನು ತಡೆಹಿಡಿಸಿದರು. ಮಗ ಚಾಟ್, ಆರ್ಡರ್ ಸಂಖ್ಯೆ, ಬ್ಯಾಂಕ್ ಪಟ್ಟಿ ಎಲ್ಲವನ್ನೂ ಒಯ್ದು ತಾನು ಮಾರಿದವನೇ ಹೊರತು ವಂಚಕನಲ್ಲವೆಂದು ತೋರಿಸಬೇಕಾಯಿತು. ಮನೆ ಬಾಡಿಗೆಯನ್ನು ಎರಡು ತಿಂಗಳು ನಾನು ಕೊಟ್ಟೆ. ಪೇಟೆ ಬೆಲೆಗಿಂತ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದಾಗಲೇ ಅನುಮಾನಿಸಬೇಕಿತ್ತೆಂದು ಅವನು ಈಗ ಹೇಳುತ್ತಾನೆ.

ಇನ್ನೊಂದು ನನ್ನ ಸ್ವಂತದ್ದು. ಒಂದು ಮಧ್ಯಾಹ್ನ ಅಪರಿಚಿತ ಸಂಖ್ಯೆಯಿಂದ ‘ಡಾಕ್ಟರೇ, ನಾಳೆಯ ಭೇಟಿ ಎಷ್ಟು ಗಂಟೆಗೆ?’ ಎಂದು ಸಂದೇಶ ಬಂತು. ತಪ್ಪು ಸಂಖ್ಯೆ ಎಂದೆ. ಆ ಕಡೆಯ ಹೆಂಗಸು ಕ್ಷಮೆ ಕೇಳಿದಳು, ಬಹಳ ಸಂಭಾವಿತ ಭಾಷೆ. ಮೂರು ವಾರ ಅಡಿಗೆ, ಮಕ್ಕಳು, ಮಳೆ ಎಂದು ಮಾತು ನಡೆಯಿತು. ನಾಲ್ಕನೆಯ ವಾರ ಅವಳ ಚಿಕ್ಕಪ್ಪ ಕ್ರಿಪ್ಟೋ ತಜ್ಞರೆಂದು ತಿಳಿದುಬಂತು. ನಾನು ಅಲ್ಲಿಗೇ ನಿಲ್ಲಿಸಿದೆ. ಒಂಟಿಯಾಗಿರುವವರಿಗೆ ಆ ಮೂರು ವಾರಗಳ ಮಾತು ಎಷ್ಟು ಹಿತವಾಗಿರುತ್ತದೆಂಬುದನ್ನು ಮಾತ್ರ ಯಾರೂ ಹಗುರವಾಗಿ ಕಾಣಬೇಡಿ.

ಹಿಂಜವಡಿಯ ಸಾಫ್ಟ್‌ವೇರ್ ಉದ್ಯೋಗಿ

ಮೇಡಂ ಅವರಿಗೆ ಬಂದ ಸಂದೇಶದ ಹಿಂದೆ ಕುಳಿತಿರುವವರು ಎಷ್ಟೋ ವೇಳೆ ತಾವೇ ಸೆರೆಯಾಳುಗಳು. ಮ್ಯಾನ್ಮಾರ್, ಕಾಂಬೋಡಿಯಾಗಳ ಇಂತಹ ವಂಚನಾ ಕೇಂದ್ರಗಳಿಂದ ನಮ್ಮ ದೇಶದ ಹುಡುಗರನ್ನೂ ಬಿಡಿಸಿ ತಂದಿದ್ದಾರೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆದೊಯ್ದು ಪಾಸ್‌ಪೋರ್ಟ್ ಕಿತ್ತುಕೊಂಡು ಈ ಕೆಲಸಕ್ಕೆ ಕೂರಿಸುತ್ತಾರೆ.

ರಾಯರಿಗೆ ಇನ್ನೊಂದು ಎಚ್ಚರಿಕೆ. ದೂರು ಕೊಟ್ಟ ಮೇಲೆ ‘ಕಳೆದ ಕ್ರಿಪ್ಟೋ ಮರಳಿಸಿಕೊಡುತ್ತೇವೆ, ಶುಲ್ಕ ಇಷ್ಟು’ ಎಂದು ಕರೆ ಬರುತ್ತದೆ. ಬಹುಪಾಲು ಅದೇ ಗುಂಪಿನವರು, ಅಥವಾ ಅವರಿಂದ ನಿಮ್ಮ ಹೆಸರಿನ ಪಟ್ಟಿ ಕೊಂಡವರು. ಬ್ಲಾಕ್‌ಚೈನಿನಲ್ಲಿ ಒಮ್ಮೆ ಹೋದದ್ದನ್ನು ಗುಂಡಿ ಒತ್ತಿ ಹಿಂದಕ್ಕೆ ತರುವ ಯಂತ್ರ ಯಾರ ಬಳಿಯೂ ಇಲ್ಲ. ಯುಎಸ್‌ಡಿಟಿಯ ವಿಷಯದಲ್ಲಿ ಅದನ್ನು ಹೊರಡಿಸುವ ಟೆದರ್ ಕಂಪನಿ ಪೊಲೀಸರ ಕೋರಿಕೆಯಂತೆ ಕೆಲವು ವಿಳಾಸಗಳನ್ನು ಸ್ತಂಭನಗೊಳಿಸಿದ್ದುಂಟು, ಆದರೆ ಅದು ತನಿಖಾ ಸಂಸ್ಥೆಯ ಮೂಲಕ ಆಗುವ ಕೆಲಸ, ಟೆಲಿಗ್ರಾಮಿನ ‘ಎಥಿಕಲ್ ಹ್ಯಾಕರ್’ನಿಂದಲ್ಲ. ಆಪನ್ನು ಅಳಿಸುವ ಮುನ್ನ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ, ವಾಟ್ಸ್ಆಪ್ ಗುಂಪಿನಿಂದ ಕೂಡಲೇ ಹೊರಬರಬೇಡಿ, ಚಾಟನ್ನು ರಫ್ತು ಮಾಡಿಕೊಳ್ಳಿ. ಆ ಬಳಿಕ ಆಪ್ ತೆಗೆದು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬೇರೊಂದು ಫೋನಿನಿಂದ ಬದಲಿಸಿ. ಕೊಂಡಿಯಿಂದ ಹಾಕಿಕೊಂಡ ಆಪ್ ಎಸ್‌ಎಂಎಸ್ ಓದುವ ಅನುಮತಿಯನ್ನೂ ಪಡೆದಿರಬಹುದು.

ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರ

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಹಿಂಜವಡಿಯವರು ಹೇಳಿದಂತೆ ವ್ಯವಹಾರದ ಗುರುತು ಕೇಳಿಸಿದೆವು. ಮೊದಲು ‘ತಾಂತ್ರಿಕ ವಿಭಾಗಕ್ಕೆ ಕಳುಹಿಸಿದ್ದೇವೆ’ ಎಂದರು, ಆಮೇಲೆ ತೆರಿಗೆ ಕಟ್ಟದಿದ್ದರೆ ಖಾತೆ ಮುಟ್ಟುಗೋಲಾಗುತ್ತದೆಂದು ಬೆದರಿಸಿದರು. ಮುಲುಂಡಿನ ಮೇಡಂ ಅವರ ಪ್ರಶ್ನೆಯನ್ನು, ಅಂದರೆ ಇರುವ ಹಣದಿಂದಲೇ ಕಳೆದುಕೊಳ್ಳಿ ಎಂಬುದನ್ನು, ಭಾವಮೈದುನ ತಾನೇ ಬೆರಳಚ್ಚಿಸಿ ಕಳುಹಿಸಿದ. ಅರ್ಧ ಗಂಟೆಯಲ್ಲಿ ಅವನ ಲಾಗಿನ್ ಬಂದ್ ಆಯಿತು. ನಾನು ಗಂಟೆಗಟ್ಟಲೆ ಹೇಳಿದರೂ ಒಪ್ಪದವನು ಆ ಅರ್ಧ ಗಂಟೆಯಲ್ಲಿ ಒಪ್ಪಿದ.

1930ರಲ್ಲಿ ದೂರು ದಾಖಲಾಯಿತು, ಸೈಬರ್ ದೂರಿನ ಜಾಲತಾಣದಲ್ಲಿ ಎಲ್ಲ ಹದಿನಾಲ್ಕು ವರ್ಗಾವಣೆಗಳ ಯುಟಿಆರ್, ಅಂದರೆ ಬ್ಯಾಂಕ್ ವರ್ಗಾವಣೆಯ ಗುರುತು, ಸಂಖ್ಯೆಗಳನ್ನು ಒಂದೊಂದಾಗಿ ತುಂಬಿದೆವು, ಪೊಲೀಸ್ ಠಾಣೆಗೂ ಹೋಗಿ ಬಂದೆವು. ಕೊನೆಯ ಕಂತಿನ ತೊಂಬತ್ತು ಸಾವಿರದಲ್ಲಿ ನಲವತ್ತೊಂದು ಸಾವಿರ ಮೂರನೆಯ ಖಾತೆಯೊಂದರಲ್ಲಿ ತಡೆಹಿಡಿದಿದ್ದಾರೆ. ಅದು ಇನ್ನೂ ಕೈಗೆ ಬಂದಿಲ್ಲ. ವಕೀಲರೊಬ್ಬರಿಗೆ ಕಾಗದಪತ್ರ ಕೊಟ್ಟಿದ್ದೇವೆ. ಉಳಿದದ್ದರ ಸುಳಿವಿಲ್ಲ.

ಭಾವಮೈದುನನನ್ನು ಸೇರಿಸಿದ ಭಜನಾ ಮಂಡಳಿಯ ಆ ಚೀಟಿಯವರ ಮೇಲೆ ನನಗೆ ಬಹಳ ಕೋಪವಿತ್ತು. ಶನಿವಾರ ಅವರ ಮನೆಗೇ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ಗಂಡ ಹಾಸಿಗೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ತಮ್ಮ ಭವಿಷ್ಯನಿಧಿಯ ಹನ್ನೊಂದು ಲಕ್ಷವನ್ನು ಎಲ್ಲರಿಗಿಂತ ಮೊದಲು ಹಾಕಿದವರು ಅವರೇ. ಜನರನ್ನು ಸೇರಿಸಿದ್ದಕ್ಕೆ ಬಂದ ಕಮಿಷನ್ ಕೂಡ ಪರದೆಯ ಮೇಲಷ್ಟೇ ಇತ್ತು. ಇಪ್ಪತ್ತಮೂರು ಮನೆಗಳನ್ನು ಸೇರಿಸಿದ್ದಾರಂತೆ. ಆ ಪಟ್ಟಿ ಅವರ ಚೀಟಿಯ ಹಳೆಯ ಲೆಕ್ಕದ ಪುಸ್ತಕದಲ್ಲೇ, ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಇದೆ. ಸೋಮವಾರ ಅವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗುತ್ತಿದ್ದೇನೆ. ಆ ಇಪ್ಪತ್ತಮೂರರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಖಾತೆಯ ವಿವರಗಳನ್ನು ಇಲ್ಲಿ ಬರೆಯಬೇಡಿ, ನೇರವಾಗಿ ದೂರು ಕೊಡಿ, ಮತ್ತು ‘ತೆರಿಗೆ’ ಇನ್ನೂ ಕಟ್ಟಿಲ್ಲವಾದರೆ ಕಟ್ಟಬೇಡಿ.